ಲ್ಯಾಬ್‌ನ ಉಬುಂಟು ಯಂತ್ರಗಳಿಗೆ ಜುಪಿಟರ್: ಒಂದೇ ಪ್ಯಾಕೇಜ್ ಮಾಡೋದು ಹೇಗೆ? ಕರ್ನಲ್ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಒಂದು ಡಿಗ್ರಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. 30 ಯಂತ್ರ ಇವೆ, ಎಲ್ಲದರಲ್ಲೂ ಉಬುಂಟು 24.04. ಡೇಟಾ ಸೈನ್ಸ್ ಪೇಪರಿಗೆ ಜುಪಿಟರ್ ನೋಟ್‌ಬುಕ್ (ಬ್ರೌಸರ್‌ನಲ್ಲೇ ಪೈಥಾನ್ ಕೋಡ್ ಬರೆದು ಓಡಿಸುವ ಸಾಧನ) ಬೇಕು. ಪೈಥಾನ್ ಲೈಬ್ರರಿಗಳನ್ನು ಹಾಕುವ ಪಿಪ್‌ನಲ್ಲಿ ಹಾಕಲು ಹೋದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಅಂತ ಎರರ್ ಬರುತ್ತದೆ. ನನಗಿಂತ ಮುಂಚೆ ಇದ್ದವರು ಕೆಲವು ಯಂತ್ರಗಳಿಗೆ ಹೇಗೋ ಹಾಕಿದ್ದಾರೆ, ಆದರೆ ಒಂದೇ ಯಂತ್ರದಲ್ಲಿ ಒಬ್ಬ ಹುಡುಗನ ಲಾಗಿನ್‌ಗೆ ಪಾಂಡಾಸ್ ಲೈಬ್ರರಿ ಸಿಗುತ್ತದೆ, ಇನ್ನೊಬ್ಬನಿಗೆ 'ಮಾಡ್ಯೂಲ್ ನಾಟ್ ಫೌಂಡ್'. ನೆಟ್ ಬೇರೆ ನಿಧಾನ. ಒಂದೇ ಫೈಲ್ ಮಾಡಿಕೊಂಡು ಎಲ್ಲ ಕಡೆ ಹಾಕೋ ಹಾಗೆ ಏನಾದರೂ ದಾರಿ ಇದೆಯಾ?

ಉತ್ತರ: ಇದೆ ಮೇಡಂ. ಮೊದಲು ಆ ಎರರ್ ವಿಷಯ. ಅದು ದೋಷ ಅಲ್ಲ, ಬೇಕೆಂದೇ ಇಟ್ಟಿರುವ ಬೇಲಿ. 2023ರಲ್ಲಿ ಡೆಬಿಯನ್ 12, ಉಬುಂಟು 23.04 ಬಂದಾಗಿನಿಂದ ಸಿಸ್ಟಮ್‌ನ ಪೈಥಾನ್ ಒಳಗೆ ಪಿಪ್ ಕೈ ಹಾಕದ ಹಾಗೆ ತಡೆದಿದ್ದಾರೆ, ಯಾಕೆಂದರೆ ಉಬುಂಟುವಿನ ಸ್ವಂತ ಸಲಕರಣೆಗಳು ಎಷ್ಟೋ ಅದೇ ಪೈಥಾನ್ ಮೇಲೆ ನಡೆಯುತ್ತವೆ. 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಅನ್ನೋ ಆಯ್ಕೆ ಹಾಕಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ವಾ, ಅದರ ಹೆಸರಲ್ಲೇ ಎಲ್ಲ ಇದೆ. ಹಾಕಬೇಡಿ. ಉಬುಂಟುವಿನ ಸ್ವಂತ ಪ್ಯಾಕೇಜ್ ಸಾಧನ ಆಪ್ಟ್‌ನಲ್ಲಿ ಸಿಗುವ ನೋಟ್‌ಬುಕ್ ಹಾಕಬಹುದಿತ್ತು, ಆದರೆ ಅದು ಹಳೆಯ 6ರ ಸರಣಿ. 2023ರ ಜುಲೈನಲ್ಲಿ ಬಂದ 7ನೇ ಆವೃತ್ತಿ ಪೂರ್ತಿ ಜುಪಿಟರ್‌ಲ್ಯಾಬ್ ಮೇಲೆ ಕಟ್ಟಿದ್ದು. ಪಾಠಕ್ಕೆ ಅದೇ ವಾಸಿ.

ನಾನು ಮಾಡುವ ರೀತಿ ಹೀಗೆ. ನೆಟ್ ಚೆನ್ನಾಗಿರುವ ಒಂದು 24.04 ಯಂತ್ರದಲ್ಲಿ ಡಿಸ್ಕಿನ ಬುಡದಲ್ಲೇ ಇರುವ ಒಪಿಟಿ (/opt) ಫೋಲ್ಡರಿನಲ್ಲಿ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಸಿಸ್ಟಮ್‌ನಿಂದ ಬೇರೆಯಾಗಿರುವ ಪೈಥಾನ್ ಫೋಲ್ಡರ್, ಮಾಡಿ. ಎಲ್ಲೋ ಮಾಡಿ ಆಮೇಲೆ ಅಲ್ಲಿಗೆ ತಂದರೆ ನಡೆಯಲ್ಲ, ಏಕೆಂದರೆ ಅದರೊಳಗಿನ ಸ್ಕ್ರಿಪ್ಟ್‌ಗಳ ಮೊದಲ ಸಾಲಿನಲ್ಲಿ ಪೂರ್ತಿ ವಿಳಾಸ ಬರೆದಿರುತ್ತದೆ, ಜಾಗ ಬದಲಾದರೆ ಅವು ಓಡದೆ ನಿಲ್ಲುತ್ತವೆ. ಅದರೊಳಗೆ ಜುಪಿಟರ್‌ಲ್ಯಾಬ್, ನೋಟ್‌ಬುಕ್, ಪಾಂಡಾಸ್, ಚಾರ್ಟ್ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್ ಎಲ್ಲ ಹಾಕಿ. ಬಳಿಕ ಆ ಫೋಲ್ಡರನ್ನು ಅದೇ ದಾರಿಯ ರಚನೆಯಲ್ಲಿ ಪ್ಯಾಕೇಜ್ ಫೋಲ್ಡರಿಗೆ ನಕಲು ಮಾಡಿ, ಜೊತೆಗೆ ಪ್ಯಾಕೇಜಿನ ವಿವರ ಹೇಳುವ ಒಂದು ಕಂಟ್ರೋಲ್ ಫೈಲ್ ಬರೆದು, ಡೆಬ್ ಪ್ಯಾಕೇಜ್ ಮಾಡುವ ಡಿಪಿಕೆಜಿ-ಡೆಬ್ ಆಜ್ಞೆಯಿಂದ ಕಟ್ಟಿ. ಮಾಲೀಕತ್ವ ರೂಟ್ (ಯಂತ್ರದ ಅಡ್ಮಿನ್ ಖಾತೆ) ಹೆಸರಿಗೆ ಮಾಡುವ ಆಯ್ಕೆ ಮರೆಯಬೇಡಿ.

ಇಲ್ಲಿ ಯಾರೂ ಹೇಳದ ಒಂದು ಸಣ್ಣ ವಿಷಯ ಇದೆ. ನಕಲು ಮಾಡುವಾಗ ಫೈಲ್‌ಗಳ ಸಮಯ ಬದಲಾಗಬಾರದು, ಸಿಪಿ ಆಜ್ಞೆಗೆ 'ಎ' ಆಯ್ಕೆ ಹಾಕಿ. ಪೈಥಾನ್ ಮೊದಲೇ ಕಂಪೈಲ್ ಮಾಡಿಟ್ಟ ಫೈಲ್‌ಗಳು ಮೂಲ ಫೈಲಿನ ಸಮಯ ನೋಡಿ ತಾಳೆ ಹಾಕುತ್ತವೆ. ತಾಳೆ ಆಗದಿದ್ದರೆ ಮತ್ತೆ ಕಂಪೈಲ್. ವಿದ್ಯಾರ್ಥಿಗಳಿಗೆ ಆ ಫೋಲ್ಡರಿನಲ್ಲಿ ಬರೆಯುವ ಅನುಮತಿ ಇಲ್ಲವಲ್ಲ, ಹಾಗಾಗಿ ಅದನ್ನು ಉಳಿಸಿಕೊಳ್ಳೋಕೂ ಆಗಲ್ಲ, ಪ್ರತಿ ಸಲ ತೆರೆದಾಗಲೂ ಇದೇ ಕಥೆ. ಆಮೇಲೆ 'ಲಿನಕ್ಸ್ ನಿಧಾನ' ಅಂತ ಬೈಯುತ್ತಾರೆ.

ಕಂಟ್ರೋಲ್ ಫೈಲಿನಲ್ಲಿ ಜೊತೆಗೆ ಬೇಕಾದ ಪ್ಯಾಕೇಜ್‌ಗಳನ್ನು ಹೇಳುವ ಡಿಪೆಂಡ್ಸ್ ಸಾಲಿನಲ್ಲಿ ಬರೀ ಪೈಥಾನ್ 3 ಅಂತ ಬರೆಯಬೇಡಿ, ಪೈಥಾನ್ 3.12 ಅಂತಲೇ ಬರೆಯಿರಿ. 22.04ರಲ್ಲಿ 3.10 ಇತ್ತು, 24.04ರಲ್ಲಿ 3.12. ನಾಳೆ ಯಾರೋ ಸಿಸ್ಟಮ್ ಅಪ್‌ಗ್ರೇಡ್ ಮಾಡಿದರೆ ನಿಮ್ಮ ಲೈಬ್ರರಿಗಳೆಲ್ಲ 3.12ರ ಫೋಲ್ಡರಿನಲ್ಲೇ ಉಳಿಯುತ್ತವೆ, ಹೊಸ ಪೈಥಾನ್ ಆ ಕಡೆ ನೋಡುವುದೂ ಇಲ್ಲ. ಹಾಗೇ ಇನ್‌ಸ್ಟಾಲ್ ಆದಮೇಲೆ ಓಡುವ ಸ್ಕ್ರಿಪ್ಟಿನಲ್ಲಿ ಪಿಪ್ ಓಡಿಸುವ ಐಡಿಯಾ ಯಾರಾದರೂ ಕೊಟ್ಟರೆ ಸುಮ್ನೆ ನಕ್ಕು ಬಿಡಿ. ನೆಟ್ ಇಲ್ಲದಿದ್ದರೆ ಅರ್ಧಕ್ಕೆ ನಿಲ್ಲುತ್ತದೆ, ಅಲ್ಲಿ ಬಂದು ಬಿದ್ದ ಫೈಲ್‌ಗಳ ಲೆಕ್ಕವೂ ಡಿಪಿಕೆಜಿ ಹತ್ತಿರ ಇರಲ್ಲ.

ಈಗ ನಿಮ್ಮ ನಿಜವಾದ ತಲೆನೋವು, ಒಬ್ಬನಿಗೆ ಸಿಗುತ್ತದೆ ಇನ್ನೊಬ್ಬನಿಗೆ ಇಲ್ಲ. ನೋಟ್‌ಬುಕ್ ಸರ್ವರ್ ಬೇರೆ, ಕೋಡ್ ಓಡಿಸುವ ಕರ್ನಲ್ ಬೇರೆ. ಕರ್ನಲ್ ಯಾವ ಪೈಥಾನ್ ಅನ್ನೋದು ಒಂದು ಸಣ್ಣ ಜೇಸನ್ ಫೈಲಿನಲ್ಲಿ ಬರೆದಿರುತ್ತದೆ. ಸಿಗದವನ ಲಾಗಿನ್‌ನಲ್ಲಿ ಒಂದು ಸೆಲ್‌ನಲ್ಲಿ ಸಿಸ್ ಮಾಡ್ಯೂಲಿನ 'ಎಕ್ಸಿಕ್ಯೂಟಬಲ್' ಪ್ರಿಂಟ್ ಮಾಡಿ ನೋಡಿ. ನಿಮ್ಮ ಒಪಿಟಿ ಫೋಲ್ಡರಿನ ವಿಳಾಸ ಬರಬೇಕು. ಬೇರೆ ಏನಾದರೂ ಬಂದರೆ ಅವನ ಹೋಮ್‌ನ ಅಡಗಿಸಿದ ಲೋಕಲ್ ಫೋಲ್ಡರಿನಲ್ಲಿ ಯಾವಾಗಲೋ ಹಾಕಿದ ಹಳೆಯ 'ಪೈಥಾನ್3' ಕರ್ನಲ್ ಕೂತಿದೆ ಅಂತ ಅರ್ಥ. ಜುಪಿಟರ್‌ನ ಕರ್ನಲ್‌ಸ್ಪೆಕ್ ಲಿಸ್ಟ್ ಆಜ್ಞೆ ಕೊಟ್ಟರೆ ಅದು ಎಲ್ಲಿದೆ ಅಂತ ತೋರಿಸುತ್ತದೆ.

ಇದು ನಿಮ್ಮ ಹೊಸ ಪ್ಯಾಕೇಜ್ ಹಾಕಿದ ಮೇಲೂ ಕಾಡುತ್ತದೆ, ಹುಷಾರು. ವರ್ಚುವಲ್ ಎನ್ವಿರಾನ್‌ಮೆಂಟ್ ಆ ಬಳಕೆದಾರನದ್ದೇ ಆಗಿದ್ದರೆ ಈಗಿನ ಜುಪಿಟರ್ ಅದಕ್ಕೇ ಮೊದಲ ಮಣೆ ಹಾಕುತ್ತದೆ. ನಮ್ಮದು ರೂಟ್ ಹೆಸರಲ್ಲಿದೆ. ಆಗ ಹೋಮ್ ಫೋಲ್ಡರಿನದ್ದೇ ಗೆಲ್ಲುತ್ತದೆ. ಅದಕ್ಕೆ ಜುಪಿಟರ್ ತೆರೆಯುವ ಸಣ್ಣ ಲಾಂಚರ್ ಸ್ಕ್ರಿಪ್ಟಿನಲ್ಲಿ 'ಜುಪಿಟರ್ ಪ್ರಿಫರ್ ಎನ್ವ್ ಪಾತ್' ಎಂಬ ವೇರಿಯಬಲ್‌ಗೆ 1 ಕೊಡಿ. ಹೆಸರು ಪೂರ್ತಿ ದೊಡ್ಡಕ್ಷರ, ನಡುವೆ ಅಂಡರ್‌ಸ್ಕೋರ್. ಅಲ್ಲೇ ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕು ಅಂತ ಹೇಳುವ ಪೈಥಾನ್‌ಪಾತ್ ವೇರಿಯಬಲನ್ನೂ ಅಳಿಸಿ. ರೋಬೋಟಿಕ್ಸ್ ಹುಡುಗರು ರಾಸ್ (ROS, ರೋಬೋಟ್ ತಂತ್ರಾಂಶ) ಹಾಕಿಕೊಂಡಿದ್ದರೆ ಅದು ಅಲ್ಲಿ ತನ್ನ ವಿಳಾಸ ತುಂಬಿರುತ್ತದೆ, ಅದು ವರ್ಚುವಲ್ ಎನ್ವಿರಾನ್‌ಮೆಂಟ್ ಒಳಗೂ ನುಗ್ಗುತ್ತದೆ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಹಾಗೇ ಮಾಡಿದೆ, ಪಾಂಡಾಸ್ ಎಲ್ಲರಿಗೂ ಬಂತು. ಆದರೆ ಈಗ ಜುಪಿಟರ್ ತೆರೆದರೆ ಫೈರ್‌ಫಾಕ್ಸ್‌ನಲ್ಲಿ 'ಆ ಫೈಲ್ ನೋಡಲು ಅನುಮತಿ ಇಲ್ಲ' ಅನ್ನೋ ಪುಟ ಬರುತ್ತದೆ. ಒಬ್ಬನ ಲಾಗಿನ್‌ನಲ್ಲಂತೂ ಟರ್ಮಿನಲ್‌ನಲ್ಲೇ 'ಪರ್ಮಿಷನ್ ಡಿನೈಡ್' ಅಂತ ನಿಲ್ಲುತ್ತದೆ.

ಉತ್ತರ: ಎರಡೂ ಬೇರೆ ಬೇರೆ. ಉಬುಂಟುವಿನ ಫೈರ್‌ಫಾಕ್ಸ್ ಸ್ನ್ಯಾಪ್ (ಬೇಲಿಯೊಳಗೆ ಓಡುವ ಪ್ಯಾಕೇಜ್) ಆಗಿ ಬರುತ್ತದೆ, ಸ್ನ್ಯಾಪ್‌ಗೆ ಹೋಮ್‌ನ ಅಡಗಿಸಿದ ಫೋಲ್ಡರ್‌ಗಳು ಕಾಣಲ್ಲ. ಜುಪಿಟರ್ ಬ್ರೌಸರ್ ತೆರೆಯೋಕೆ ಅಂಥ ಫೋಲ್ಡರಿನಲ್ಲೇ ಒಂದು ಎಚ್‌ಟಿಎಂಎಲ್ ಫೈಲ್ ಇಟ್ಟು ಅದನ್ನು ತೋರಿಸುತ್ತದೆ. ಜುಪಿಟರ್ ಸರ್ವರ್ ಕಾನ್ಫಿಗ್‌ನಲ್ಲಿ 'ಯೂಸ್ ರಿಡೈರೆಕ್ಟ್ ಫೈಲ್' ಅನ್ನು ಫಾಲ್ಸ್ ಮಾಡಿ, ಆ ಫೈಲನ್ನೂ ಪ್ಯಾಕೇಜ್ ಒಳಗೇ ಸೇರಿಸಿಬಿಡಿ. ಒಂದು ಮಾತು: ಹೀಗೆ ಮಾಡಿದರೆ ಟೋಕನ್, ಅಂದರೆ ಜುಪಿಟರ್ ಒಳಗೆ ಹೋಗುವ ಗುಟ್ಟಿನ ಕೀಲಿ, ಪ್ರೋಸೆಸ್ ಪಟ್ಟಿಯಲ್ಲಿ ಕಾಣಿಸಬಹುದು. ಒಂದು ಯಂತ್ರಕ್ಕೆ ಒಬ್ಬರೇ ಕೂರುವ ಲ್ಯಾಬ್‌ಗೆ ಪರವಾಗಿಲ್ಲ, ಎಲ್ಲರೂ ಲಾಗಿನ್ ಆಗುವ ಸರ್ವರ್‌ನಲ್ಲಿ ಬೇಡ.

ಎರಡನೆಯದು ಬಹುಶಃ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಆಜ್ಞೆ) ಹಾವಳಿ. ಯಾರೋ ಆ ಲಾಗಿನ್‌ನಲ್ಲಿ ಸುಡೋ ಹಾಕಿ ಜುಪಿಟರ್ ಓಡಿಸಿರಬಹುದು, ರನ್‌ಟೈಮ್ ಫೋಲ್ಡರ್ ರೂಟ್ ಪಾಲಾಗಿರಬಹುದು. ಹಾಗಾಗಿದ್ದರೆ ಮಾಲೀಕತ್ವ ಬದಲಿಸುವ ಚೌನ್ ಆಜ್ಞೆಯಿಂದ ಆ ಜುಪಿಟರ್ ಫೋಲ್ಡರನ್ನು ಹುಡುಗನ ಹೆಸರಿಗೆ ತಿರುಗಿಸಿ. ಹುಡುಗರ ಕೈಗೆ ಸುಡೋ ಕೊಟ್ಟಿದ್ದರೆ ಇವತ್ತೇ ವಾಪಸ್ ತೆಗೆದುಕೊಳ್ಳಿ.

ಪ್ರಶ್ನೆ: ಅಣ್ಣಾ, ಮಧ್ಯೆ ನಂದೊಂದು. 4 ಜಿಬಿ ಲ್ಯಾಪ್‌ಟಾಪ್, ದೊಡ್ಡ ಸಿಎಸ್‌ವಿ ಓದಿಸಿದರೆ 'ಕರ್ನಲ್ ಸತ್ತಿದೆ, ಮತ್ತೆ ಶುರುವಾಗುತ್ತದೆ' ಅಂತ ಬರುತ್ತದೆ. ಜುಪಿಟರ್ ಮತ್ತೆ ಹಾಕಬೇಕಾ? ಇನ್ನೊಂದು, ಚಾರ್ಟ್‌ನಲ್ಲಿ ಕನ್ನಡ ಹೆಸರು ಹಾಕಿದರೆ ಬರೀ ಡಬ್ಬಿ ಡಬ್ಬಿ.

ಉತ್ತರ: ಬೇಡ ತಮ್ಮಾ. ಸಿಸ್ಟಮ್ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಆಜ್ಞೆಗೆ 'ಕೆ' ಆಯ್ಕೆ ಕೊಟ್ಟು ನೋಡು. 'ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್' ಅನ್ನೋ ಸಾಲಿದ್ದರೆ ರ‍್ಯಾಮ್ ಸಾಲದೆ ಲಿನಕ್ಸೇ ಕೊಂದಿದೆ. ಬೇಕಾದ ಕಾಲಂ ಮಾತ್ರ ಓದು, ಜಿಲ್ಲೆ ಹೆಸರಿನ ಹಾಗೆ ಮತ್ತೆ ಮತ್ತೆ ಬರುವ ಪದಗಳಿಗೆ ಕ್ಯಾಟಗರಿ ಟೈಪ್ ಕೊಡು, ಆಗಲಿಲ್ಲವೆಂದರೆ ಚಂಕ್‌ಸೈಜ್ ಹಾಕಿ ತುಂಡು ತುಂಡಾಗಿ ಓದು.

ಡಬ್ಬಿ ಬರೋದು ಫಾಂಟ್ ಇಲ್ಲದ್ದಕ್ಕೆ. ಲೋಹಿತ್ ಕನ್ನಡದಂಥ ಫಾಂಟ್ ಹಾಕಿ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಅದರ ಹೆಸರು ಹೇಳಿದರೆ ಅಕ್ಷರ ಬರುತ್ತವೆ, ಆದರೆ ಉಬುಂಟು 24.04ರ ಕಾಲದ ಮ್ಯಾಟ್‌ಪ್ಲಾಟ್‌ಲಿಬ್ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತದೆ, ಒತ್ತಕ್ಷರ ಕೂಡಿಸೋದು ಅದಕ್ಕೆ ಬರಲ್ಲ. 'ಚಿಕ್ಕಬಳ್ಳಾಪುರ' ಬರೆದು ನೋಡು, ಗೊತ್ತಾಗುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ಗೆ ಚಿತ್ರ ಬರೆದುಕೊಡುವ ಎಂಪಿಎಲ್‌ಕೈರೋ ಬ್ಯಾಕೆಂಡ್ ಹಾಕಿದರೆ ಸರಿಹೋಗುತ್ತದೆ. ಇಲ್ಲವಾದರೆ ಪ್ಲಾಟ್ಲಿ ಎಂಬ ಚಾರ್ಟ್ ಲೈಬ್ರರಿ ಬಳಸು, ಅದು ಅಕ್ಷರ ಬರೆಯುವ ಕೆಲಸ ಬ್ರೌಸರ್‌ಗೆ ಬಿಡುತ್ತದೆ, ಬ್ರೌಸರ್‌ಗೆ ಕನ್ನಡ ಚೆನ್ನಾಗಿ ಗೊತ್ತು. ನನಗೆ ಎರಡನೆಯದೇ ಸುಲಭ ಅನ್ನಿಸುತ್ತದೆ.

ಮೇಡಂ, ನಿಮ್ಮ ಪ್ಯಾಕೇಜ್‌ಗೂ ಡಿಪೆಂಡ್ಸ್ ಸಾಲಿನಲ್ಲಿ ಕನ್ನಡ ಫಾಂಟ್ ಸೇರಿಸಿಬಿಡಿ, ಉಬುಂಟುವಿನಲ್ಲಿ 'ಫಾಂಟ್ಸ್-ಕೆಎನ್‌ಡಿಎ' ಅನ್ನೋ ಹೆಸರಲ್ಲಿ ಸಿಗುತ್ತದೆ. ಡೆಬ್ ಫೈಲನ್ನು ಪೆನ್‌ಡ್ರೈವ್‌ನಿಂದ ನೇರ ಹಾಕಿದರೆ ಕೊನೆಗೆ 'ಅನ್‌ಸ್ಯಾಂಡ್‌ಬಾಕ್ಸ್ಡ್' ಅಂತ ಒಂದು ಸೂಚನೆ ಬರಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಪ್ಯಾಕೇಜ್ ಸರಿಯಾಗಿಯೇ ಕೂತಿರುತ್ತದೆ.