ಅಮ್ಮನ ಎಪ್ಪತ್ತಕ್ಕೆ ಹಳೇ ಸಿನಿಮಾ, ಟಿವಿ ಕ್ವಿಜ್: ಎಂತ ಕೇಳುವುದು?

ಬ್ರಹ್ಮಾವರದಿಂದ:
ಮುಂದಿನ ತಿಂಗಳು ಅಮ್ಮನಿಗೆ 70 ತುಂಬುತ್ತದೆ. ಕಾರ್ಯಕ್ರಮ ಮನೆಯಲ್ಲೇ, ನಲವತ್ತು ಜನ. ಊಟ ಆದ ಮೇಲೆ ಎಲ್ಲರೂ ಮೊಬೈಲ್ ಹಿಡಿದು ಒಂದೊಂದು ಮೂಲೆ ಸೇರುತ್ತಾರೆ. ಅದಕ್ಕೇ ಹಳೇ ಸಿನಿಮಾ, ದೂರದರ್ಶನದ ಧಾರಾವಾಹಿ, ನಟ ನಟಿಯರ ಬಗ್ಗೆ ಒಂದು ಕ್ವಿಜ್ ಮಾಡುವ ಅಂತ ಉಂಟು. ಮುಂಬೈಯಿಂದ ಮಾವನ ಮನೆಯವರೂ ಬರುತ್ತಾರೆ, ಅವರಿಗೆ ಕನ್ನಡ ಸಿನಿಮಾ ಅಷ್ಟಕ್ಕಷ್ಟೆ. ಹತ್ತು ವರ್ಷದ ಮಕ್ಕಳೂ ಇದ್ದಾರೆ. ಮಾಡಿ ನೋಡಿದವರು ಹೇಳಿ, ಯಾವುದು ನಡೆಯಿತು, ಯಾವುದು ತೋಪಾಯಿತು?

ಕದ್ರಿಯಿಂದ:
ನಮ್ಮದು ತೋಪಾಗಿತ್ತು, ಅದನ್ನೇ ಹೇಳುತ್ತೇನೆ. ನಾನು ಎರಡು ದಿನ ಕೂತು ಮೂವತ್ತು ಪ್ರಶ್ನೆ ಬರೆದಿದ್ದೆ. ಎಲ್ಲಾ ಇಸವಿಯದ್ದೇ. ಮೊದಲ ತುಳು ಸಿನಿಮಾ ಯಾವುದು, ಯಾವ ವರ್ಷ? 'ಎನ್ನ ತಂಗಡಿ', 1971. ಒಬ್ಬರೂ ಹೇಳಲಿಲ್ಲ. ನಾನೇ ಉತ್ತರ ಹೇಳಿ ನಾನೇ ಚಪ್ಪಾಳೆ ತಟ್ಟಿದೆ ಮಾರಾಯ್ರೆ. ಐದನೇ ಪ್ರಶ್ನೆಗೆ ದೊಡ್ಡಪ್ಪ ಕುರ್ಚಿಯಲ್ಲೇ ಗೊರಕೆ ಶುರು ಮಾಡಿದರು.

ಆಮೇಲೆ ಕಾಗದ ಬದಿಗಿಟ್ಟು ಸುಮ್ನೆ ಮಕ್ಕಳನ್ನು ಕೇಳಿದೆ, ಮಂಗಳೂರಿನ ಜ್ಯೋತಿ ಸರ್ಕಲ್‌ಗೆ ಜ್ಯೋತಿ ಅಂತ ಯಾಕೆ ಹೆಸರು ಅಂತ. ಕಾಗದ ಪತ್ರದಲ್ಲಿ ಅದು ಅಂಬೇಡ್ಕರ್ ವೃತ್ತ. ಆದರೆ ಬಸ್ಸಿನ ಕಂಡಕ್ಟರ್ ಕೂಗುವುದು ಈಗಲೂ "ಜ್ಯೋತಿ, ಜ್ಯೋತಿ" ಅಂತಲೇ. ಮಕ್ಕಳು ದೀಪ, ದೇವಸ್ಥಾನ ಅಂತೆಲ್ಲ ಹೇಳಿದರು. ಜ್ಯೋತಿ ಟಾಕೀಸ್ ಅಂತ ಗೊತ್ತಾದದ್ದೇ ತಡ, ದೊಡ್ಡಪ್ಪ ಎದ್ದು ಕೂತರು. ಕಾಲೇಜು ತಪ್ಪಿಸಿ ಮ್ಯಾಟಿನಿಗೆ ಹೋದದ್ದು, ಇಂಟರ್‌ವಲ್‌ನಲ್ಲಿ ಎದುರಿಗೆ ಸ್ವಂತ ಅಪ್ಪನೇ ಸಿಕ್ಕಿದ್ದು, ಇಬ್ಬರೂ ಮನೆಯಲ್ಲಿ ಹೇಳದೆ ಇದ್ದದ್ದು... ಅರ್ಧ ಗಂಟೆ ಕ್ವಿಜ್ ನಿಂತೇ ಹೋಯಿತು. ಅಲ್ಲಿದ್ದವರ ಹತ್ತಿರ ಕಥೆ ಇರುವ ಪ್ರಶ್ನೆ ಹಾಕಿ. ಇಸವಿ ಬೇಕಾದರೆ ಉತ್ತರದ ಜೊತೆ ನೀವೇ ಸೇರಿಸಿ.

ಕಾರ್ಕಳದಿಂದ:
ಮೇಲಿನವರು ಹೇಳಿದ್ದು ಸರಿ. ನಾವು ರಾಗದಿಂದ ಶುರು ಮಾಡಿದೆವು. 'ಮಾಲ್ಗುಡಿ ಡೇಸ್'ನ ಶುರುವಿನ ರಾಗ ಒಬ್ಬರು ಗುನುಗಬೇಕು, ಉಳಿದವರು ಹೇಳಬೇಕು. ಎಲ್. ವೈದ್ಯನಾಥನ್ ಮಾಡಿದ ಆ ರಾಗ ನಾಲ್ಕು ಸ್ವರ ಬಂದರೆ ಸಾಕು, ಐವತ್ತು ದಾಟಿದವರೆಲ್ಲ ಒಟ್ಟಿಗೆ ಹಾಡುತ್ತಾರೆ. ಅದು ಹಿಂದಿಯಲ್ಲೂ ಬಂದದ್ದರಿಂದ ನಿಮ್ಮ ಮುಂಬೈಯವರಿಗೂ ತೊಂದರೆ ಇಲ್ಲ. ಅದರ ಹಿಂದೆಯೇ ಕೇಳಿ, ಮಾಲ್ಗುಡಿ ಎಲ್ಲಿದೆ? ಊರು ಆರ್.ಕೆ. ನಾರಾಯಣ್ ಅವರ ಕಲ್ಪನೆ, ಆದರೆ ಶಂಕರ್ ನಾಗ್ ಅದನ್ನು ಶೂಟ್ ಮಾಡಿದ್ದು ನಮ್ಮ ಘಾಟಿ ಹತ್ತಿದ ಕೂಡಲೇ ಸಿಗುವ ಆಗುಂಬೆಯಲ್ಲಿ. ಸೂರ್ಯಾಸ್ತ ನೋಡಲು ಹೋದ ಮಕ್ಕಳಿಗೆ ಅಲ್ಲಿ ಕೊಂಡಿ ಸಿಗುತ್ತದೆ. ಸ್ವಾಮಿ ಆದದ್ದು ಮಾಸ್ಟರ್ ಮಂಜುನಾಥ್ ಅಂತ ಎಲ್ಲರಿಗೂ ಗೊತ್ತು, ಸ್ವಾಮಿಯ ಅಪ್ಪ ಆದದ್ದು ಯಾರು ಅಂತ ಕೇಳಿ ನೋಡಿ. ಗಿರೀಶ್ ಕಾರ್ನಾಡ್. ನಮ್ಮಲ್ಲಿ ಮೂರು ಜನ ಅನಂತ್ ನಾಗ್ ಅಂತ ಹಟ ಹಿಡಿದಿದ್ದರು.

ಇನ್ನೊಂದು ಆಟ ಉಂಟು. 'ರಾಮಾಯಣ' 1987ರ ಜನವರಿ 25ಕ್ಕೆ ಶುರುವಾಯಿತು, ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ. ಒಬ್ಬ ಹುಡುಗನನ್ನು ಕೊಡೆ ಹಿಡಿಸಿ ಜಗಲಿಯಲ್ಲಿ ನಿಲ್ಲಿಸಿ, ಅವನೇ ಆಂಟೆನಾ. ಅಜ್ಜಂದಿರು ಒಳಗಿನಿಂದ "ಬಂತು, ಹೋಯಿತು, ಸ್ವಲ್ಪ ಎಡಕ್ಕೆ, ಅಯ್ಯೋ ಹೋಯಿತು" ಅಂತ ಕೂಗಬೇಕು. ಇದಕ್ಕೆ ಪ್ರಶ್ನೆಯೂ ಬೇಡ, ಉತ್ತರವೂ ಬೇಡ.

ಬೈಂದೂರಿನಿಂದ:
ಕ್ವಿಜ್ ಬೇಡ. ಅಂತ್ಯಾಕ್ಷರಿ ಮಾಡಿ. ಮುಗಿಯಿತು.

ಸುರತ್ಕಲ್‌ನಿಂದ:
'ಗುಡ್ಡದ ಭೂತ' ಬಿಟ್ಟರೆ ಹೇಗೆ! 1990ರ ಸುಮಾರಿಗೆ ದೂರದರ್ಶನದಲ್ಲಿ ಬಂದ ಧಾರಾವಾಹಿ, ಸದಾನಂದ ಸುವರ್ಣ ಅವರ ನಿರ್ದೇಶನ. 'ಘಟಶ್ರಾದ್ಧ' ಸಿನಿಮಾದ ನಿರ್ಮಾಪಕರೂ ಅವರೇ, ಇದು ಒಳ್ಳೆ ಕಷ್ಟದ ಪ್ರಶ್ನೆ ಆಗುತ್ತದೆ. 'ಗುಡ್ಡದ ಭೂತ'ದಲ್ಲಿ ಸಣ್ಣ ವಯಸ್ಸಿನ ಪ್ರಕಾಶ್ ರೈ ಇದ್ದರು. ನಾನಾಗ ಮೂರನೇ ಕ್ಲಾಸು. ನಮ್ಮ ಬಚ್ಚಲು ಮನೆಯಿಂದ ಹೊರಗೆ, ಅಡಿಕೆ ತೋಟದ ಬದಿಗೆ. ಆ ಧಾರಾವಾಹಿಯ 'ಡೆನ್ನಾನ ಡೆನ್ನಾನ' ಹಾಡು ಕೇಳಿದ ರಾತ್ರಿ ನಾನು ಅಕ್ಕನನ್ನು ಬಿಟ್ಟು ಆ ಕಡೆ ಕಾಲು ಹಾಕುತ್ತಿರಲಿಲ್ಲ, ಅಕ್ಕ ಬಾಗಿಲ ಹೊರಗೆ ನಿಂತು ಬೇಕಂತಲೇ ಅದನ್ನು ಗುನುಗುತ್ತಿದ್ದಳು. ಈಗಿನವರಿಗೆ ಅದು 2015ರ 'ರಂಗಿತರಂಗ'ದಿಂದ ಗೊತ್ತು. ಗುನುಗಿ, ಎಲ್ಲಿ ಕೇಳಿದ್ದೀರಿ ಅಂತ ಕೇಳಿ. ಉತ್ತರ ನೋಡಿದರೆ ವಯಸ್ಸು ಗೊತ್ತಾಗುತ್ತದೆ!

ಉಡುಪಿಯಿಂದ:
ಒಂದು ನಿಯಮ ಮೊದಲೇ ಹೇಳಿಬಿಡಿ, "ಅವರು ನಮಗೆ ದೂರದ ಸಂಬಂಧ" ಅಂದವರಿಗೆ ಅಂಕ ಇಲ್ಲ. ಐಶ್ವರ್ಯಾ ರೈ, ಶಿಲ್ಪಾ ಶೆಟ್ಟಿ ಹುಟ್ಟಿದ್ದು ಮಂಗಳೂರು, ಸುನೀಲ್ ಶೆಟ್ಟಿ ಮೂಲ್ಕಿ. ಇವರ ಹೆಸರು ತೆಗೆದರೆ ಸಾಕು, ನಮ್ಮ ಊರಲ್ಲಿ ಅರ್ಧ ಜನ ನೆಂಟರಾಗುತ್ತಾರೆ.

ನನಗೆ ಇಷ್ಟ ಕೊಂಡಿ ಪ್ರಶ್ನೆ. 'ಆಪ್ತಮಿತ್ರ' 2004ರದ್ದು, ಎಲ್ಲರಿಗೂ ಗೊತ್ತು. ಅದರ ಮೂಲ ಯಾವುದು? ಮಲಯಾಳದ 'ಮಣಿಚಿತ್ರತ್ತಾಳ್', 1993. ಆ ಮಲಯಾಳ ಸಿನಿಮಾದಲ್ಲಿದ್ದ ಉಡುಪಿಯ ನಟಿ ಯಾರು? ವಿನಯಾ ಪ್ರಸಾದ್. ಒಂದು ತಂಡಕ್ಕೆ ಮೊದಲನೆಯದು ಗೊತ್ತಿದ್ದರೆ ಇನ್ನೊಂದಕ್ಕೆ ಕೊನೆಯದು ಗೊತ್ತಿರುತ್ತದೆ. ವಯಸ್ಸು ಬೆರೆಸಿ ತಂಡ ಮಾಡಿ, ಅಜ್ಜಿ ಒಬ್ಬರು, ಮೊಮ್ಮಗು ಒಂದು. ಬಹುಮಾನಕ್ಕೆ 'ಥಟ್ ಅಂತ ಹೇಳಿ' ಹಾಗೆ ಪುಸ್ತಕ ಕೊಡಿ. ನಾನು ಸ್ಟೀಲ್ ಡಬ್ಬ ಕೊಟ್ಟೆ, ನಮ್ಮ ಅತ್ತೆಗೆ ಮುಚ್ಚಳ ಸರಿ ಇಲ್ಲ ಅಂತ ಈಗಲೂ ಬೇಜಾರು.

ಬ್ರಹ್ಮಾವರದಿಂದ, ಒಂದೂವರೆ ತಿಂಗಳ ನಂತರ:
ಎಲ್ಲರಿಗೂ ಥ್ಯಾಂಕ್ಸ್. ಇಪ್ಪತ್ತು ಪ್ರಶ್ನೆ ಇಟ್ಟುಕೊಂಡಿದ್ದೆ, ಆದದ್ದು ಏಳು. ಆಂಟೆನಾ ಆಟದಲ್ಲಿ ಮುಂಬೈ ಮಾವನದ್ದೇ ಜೋರು. "ನನಗೆ ಎಂತದೂ ನೆನಪಿಲ್ಲ" ಅಂತ ಹಿಂದೆ ಕೂತಿದ್ದ ಅಮ್ಮ ಕಾರ್ನಾಡರ ಹೆಸರನ್ನು ಎಲ್ಲರಿಗಿಂತ ಮೊದಲು ಹೇಳಿದರು. ಬೈಂದೂರಿನವರ ಅಂತ್ಯಾಕ್ಷರಿಯೂ ತಾನಾಗಿಯೇ ಶುರುವಾಯಿತು, ಅದನ್ನು ನಿಲ್ಲಿಸಲು ಕಷ್ಟ ಆಯಿತು.

ಕೊನೆಗೆ ಚಿಕ್ಕಮ್ಮ ಲೈಟ್ ಆರಿಸಿ ಡೆನ್ನಾನ ಗುನುಗಿದರು. ತಂಗಿಯ ಮಗ ಹತ್ತು ವರ್ಷದವ, ಭಾರಿ ಧೈರ್ಯ ಅಂತ ಹೇಳಿಕೊಳ್ಳುವವ. ಆ ರಾತ್ರಿ ಬಾತ್‌ರೂಮಿಗೆ ಹೋಗಲು ಅವನಿಗೆ ಮೂರು ಜನ ಬೇಕಾಯಿತು. ಬಾತ್‌ರೂಮು ಇರುವುದು ಅವನ ಮಂಚದ ಪಕ್ಕದಲ್ಲೇ.