'ಬ್ಲಡ್ ಚಿಟ್' ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? (ಫಲಕಕ್ಕಾಗಿ, ತುರ್ತು)

ಮಾನ್ಯರೇ,

ಎರಡನೆಯ ಮಹಾಯುದ್ಧದ ಕಾಲದ ವಸ್ತುಗಳ ಒಂದು ಸಣ್ಣ ಪ್ರದರ್ಶನಕ್ಕೆ ಕನ್ನಡ ಫಲಕಗಳನ್ನು ಬರೆದುಕೊಡುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಹೋಗಬೇಕಾಗಿದ್ದು, ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು 'ಬ್ಲಡ್ ಚಿಟ್'. ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಯ ಮೇಲೆ ಹಾರುತ್ತಿದ್ದ ಬ್ರಿಟಿಷ್ ವೈಮಾನಿಕರ ಬಳಿ ಅರಬ್ಬೀ ಭಾಷೆಯಲ್ಲಿ ಅಚ್ಚಾದ ಒಂದು ಪತ್ರವಿರುತ್ತಿತ್ತು. ಇದನ್ನು ತಂದವನು ಇಂಗ್ಲಿಷ್ ಸರ್ಕಾರದ ಅಧಿಕಾರಿ ಮತ್ತು ಅರಬರೆಲ್ಲರ ಸ್ನೇಹಿತ, ಇವನಿಗೆ ಕೇಡಾಗದಂತೆ ಕಾಯಿರಿ, ಊಟ ನೀರು ಕೊಡಿ, ಹತ್ತಿರದ ಇಂಗ್ಲಿಷ್ ಸೈನಿಕರ ಬಳಿಗೆ ಸೇರಿಸಿ, ನಿಮಗೆ ಹಣದ ಬಹುಮಾನ ಸಲ್ಲುತ್ತದೆ ಎಂಬುದು ಅದರ ಸಾರ. ವೈಮಾನಿಕನಿಗೂ ಕೆಲವು ಸೂಚನೆಗಳಿದ್ದವು: ಅವರ ಡೇರೆಯೊಳಗೆ ಹೋಗುವಾಗ ಬೂಟು ಕಳಚಬೇಕು, ಹೆಂಗಸರತ್ತ ಗಮನ ಕೊಡಲೇಬಾರದು, ಕೊಟ್ಟ ನೀರನ್ನು ಕುಡಿಯಬಹುದು, ಆದರೆ ಅವರು ತಮಗಾಗಿ ಇಟ್ಟುಕೊಂಡ ನೀರಿನಿಂದ ತನ್ನ ಬಾಟಲಿಯನ್ನು ತುಂಬಿಕೊಳ್ಳದೆ ಬಾವಿಗೇ ಹೋಗಿ ತಂದುಕೊಳ್ಳಬೇಕು. ಇಂತಹ ಪತ್ರವನ್ನು 'ರಕ್ತದ ಚೀಟಿ' ಎಂದರೆ ರಕ್ತನಿಧಿಯವರು ಕೊಟ್ಟ ರಸೀದಿಯಂತೆ ಕೇಳಿಸುತ್ತದೆ.

ಎರಡನೆಯದು 'ಫೋರ್ಸ್ಡ್ ಲ್ಯಾಂಡಿಂಗ್'. ಪತ್ರಿಕೆಗಳ 'ತುರ್ತು ಭೂಸ್ಪರ್ಶ' ಸಾಕೇ?

ಎಸ್. ವಿ., ಮೈಸೂರು

*

ಚೀಟಿ ನಮ್ಮ ಪದವೇ ಆಗಿರುವಾಗ ಚಿಂತೆಯೇಕೆ? ಓಲೆಗರಿಯನ್ನು ಸೀಳಿ ಬರೆದದ್ದು ಸೀಳು, ಅದರಿಂದ ಸೀಟಿ, ಅದರಿಂದ ಚೀಟಿ. ತಮಿಳಿನಲ್ಲೂ ಚೀಟ್ಟು ಇದೆ. ಹಿಂದಿಯವರ ಚಿಟ್ಠಿ ತೆಂಕಣದಿಂದ ಬಡಗಣಕ್ಕೆ ಹೋದದ್ದೆಂದು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಪೂರ್ತಿ ಅಚ್ಚಗನ್ನಡದ ಪದವೇ ಬೇಕೆಂದಾದರೆ ಕಾಪು ಮತ್ತು ಓಲೆ ಸೇರಿ 'ಕಾಪೋಲೆ'. ಕಾಯುವ ಓಲೆ ಎಂದು ಮಕ್ಕಳಿಗೂ ತಿಳಿಯುತ್ತದೆ.

ಕೆ. ಬಿ., ತೀರ್ಥಹಳ್ಳಿ

*

ಸೀಳಿನಿಂದ ಚೀಟಿ ಹುಟ್ಟುವುದಿಲ್ಲ. ಕಾಪೋಲೆ ಎಂದರೆ ಓದುವವರಿಗೆ ಕಪೋಲ ನೆನಪಾಗುತ್ತದೆ, ಮತ್ತು ಈ ನಿರುಕ್ತಿ ಕಪೋಲಕಲ್ಪಿತವೇ ಆಗಿದೆ.

ಇನ್ನು ಯಾರಾದರೂ 'ಅಭಯಚೀಟಿ' ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಅದು ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆಯುವ ಅರಿಸಮಾಸ. ಬಿರುದಾವಳಿಗೆ ಕೊಟ್ಟ ವಿನಾಯಿತಿ ಪ್ರದರ್ಶನದ ಫಲಕಕ್ಕೆ ಸಲ್ಲುವುದಿಲ್ಲ. 'ಅಭಯಪತ್ರ' ಎಂದು ಬರೆಯಿರಿ.

ಜಿ. ಎನ್., ಧಾರವಾಡ

*

ಧಾರವಾಡದ ಹಿರಿಯರ ವ್ಯಾಕರಣಕ್ಕೆ ನನ್ನ ಒಪ್ಪಿಗೆಯಿದೆ, ಅರ್ಥಕ್ಕೆ ಇಲ್ಲ. ಅಭಯ ಯಾರು ಕೊಡುವುದು, ಯಾರು ಬೇಡುವುದು ಎಂಬುದನ್ನು ಮೊದಲು ನೋಡಬೇಕು. ಎಂಜಿನ್ ನಿಂತು ಮರಳಿನ ಮೇಲೆ ಇಳಿದ ವೈಮಾನಿಕನ ಕೈಯಲ್ಲಿ ಅಭಯವೆಲ್ಲಿಂದ ಬರಬೇಕು? ಅದು ಡೇರೆಯ ಯಜಮಾನನ ಕೈಯಲ್ಲಿದೆ. 'ಅಭಯಪತ್ರ' ಎಂದು ಬರೆದರೆ ಲಂಡನ್ನಿನ ಸರ್ಕಾರವೇ ಅಭಯ ನೀಡಿದಂತಾಗಿ ಸಂಬಂಧವೆಲ್ಲ ತಲೆಕೆಳಗಾಗುತ್ತದೆ. ಮರುಭೂಮಿಯ ಅಲೆಮಾರಿ ಅರಬರಾದ ಬೆದುವಿನರಲ್ಲಿ ಆಶ್ರಯ ಬೇಡಿ ಡೇರೆಯನ್ನು ಹೊಕ್ಕವನಿಗೆ 'ದಖೀಲ್' ಎಂಬ ಹೆಸರಿದೆ, ಮತ್ತು ಅವನನ್ನು ಕಾಯುವುದು ಯಜಮಾನನ ಮಾನದ ಪ್ರಶ್ನೆ. ನಮ್ಮ ಕಚೇರಿಗಳ 'ದಾಖಲು' ಅದೇ ಧಾತುವಿನದು, ಒಳಹೊಕ್ಕದ್ದು ಎಂದೇ ಅದರ ಮೂಲಾರ್ಥ. ಆ ಆಶ್ರಯದ ಪದ್ಧತಿ ಈ ಪತ್ರ ಹುಟ್ಟುವುದಕ್ಕೂ ಬಹಳ ಹಿಂದಿನದು.

ಹಾಗಾದರೆ ಪತ್ರ ಮಾಡುವುದೇನು? ಅದು ಮಾತು ಕೊಡುತ್ತದೆ, ಇವನನ್ನು ತಲುಪಿಸಿದರೆ ಹಣ ಸಲ್ಲುತ್ತದೆ ಎಂದು. ಲಿಖಿತವಾಗಿ ಕೊಟ್ಟ ಇಂತಹ ಮಾತಿಗೆ ಕನ್ನಡದ ಹಳೆಯ ಕಾಗದಪತ್ರಗಳಲ್ಲಿ 'ಕೌಲು' ಎಂಬ ಪದವಿದೆ. ಭೂಮಿಯ ಗುತ್ತಿಗೆಗೂ ಕೌಲು, ಜೀವಕ್ಕೆ ಅಪಾಯವಿಲ್ಲದೆ ಬಂದುಹೋಗಲು ಕೊಟ್ಟ ಭರವಸೆಗೂ ಕೌಲು. 'ಕೌಲು ಕರಾರು' ಎಂಬ ಜೋಡಿಯನ್ನು ನಮ್ಮ ಹಿರಿಯರು ದಿನವೂ ಆಡುತ್ತಿದ್ದರು. ಇದು ಅರಬ್ಬಿಯ 'ಕೌಲ್', ಅಂದರೆ ಮಾತು. ಆದ್ದರಿಂದ 'ಕೌಲುಚೀಟಿ' ಎಂಬುದು ನನ್ನ ಸಲಹೆ. ಎರಡೂ ಸಂಸ್ಕೃತವಲ್ಲವಾದ್ದರಿಂದ ಅರಿಸಮಾಸದ ಭಯವೂ ಇಲ್ಲ.

'ಚಿಟ್' ಕೂಡ ಇಂಗ್ಲಿಷಿನ ಸೊತ್ತೇನಲ್ಲ. ಇಲ್ಲಿಯ ಚಿಟ್ಠಿಯನ್ನೇ ಕತ್ತರಿಸಿ ಬ್ರಿಟಿಷರು ಮೆಸೊಪೊಟೇಮಿಯಕ್ಕೆ, ಅಂದರೆ ಇಂದಿನ ಇರಾಕಿಗೆ, ಕೊಂಡೊಯ್ದರು. ಅಲ್ಲಿ ಮತ್ತು ಅಂದಿನ ಭಾರತದ ವಾಯವ್ಯ ಗಡಿನಾಡಿನಲ್ಲಿ ಹಾರುತ್ತಿದ್ದವರು ಇದೇ ಪತ್ರಕ್ಕೆ 'ಗೂಲಿ ಚಿಟ್' ಎನ್ನುತ್ತಿದ್ದರು. ಗೂಲಿ ಎಂದರೆ ನಮ್ಮ ಗೋಲಿಯೇ, ಆದರೆ ಮಕ್ಕಳು ಆಡುವ ಗೋಲಿಯಲ್ಲ. ಸೆರೆಸಿಕ್ಕರೆ ಅದನ್ನು ಕಳೆದುಕೊಳ್ಳಬೇಕಾಗುತ್ತದೆಂಬ ಹೆದರಿಕೆ ಅವರ ಮಾತಿನಲ್ಲಿ ಬೆಳೆದು ಹೆಸರಾಯಿತು. ಇದನ್ನು ಫಲಕದಲ್ಲಿ ಹಾಕಬೇಡಿ, ಶಾಲೆಯ ಮಕ್ಕಳು ಬರುತ್ತಾರೆ.

ಎಂ. ಆರ್., ಕಲಬುರಗಿ

*

ಅರಬ್ಬೀ ಪದವನ್ನು ತಂದು ಕನ್ನಡವೆನ್ನುವುದು ಇನ್ನೂ ಎಷ್ಟು ದಿನ? ನವಾಬರ ಕಾಲದ ಕಚೇರಿಯ ಕಸವನ್ನೆಲ್ಲ ಗುಡಿಸಿ ಹೊರಹಾಕುವ ಕೆಲಸವೇ ಮುಗಿದಿಲ್ಲ. ಅಲ್ಲದೆ ಇಂದಿನ ಓದುಗರು ಕೌಲನ್ನು ಕವಲೆಂದು ಓದುತ್ತಾರೆ. ಕಾಪೋಲೆಗೆ ನಗುವವರು ಇದಕ್ಕೇಕೆ ನಗುವುದಿಲ್ಲ?

ಕೆ. ಬಿ.

*

ಕಸವೆಂದು ತಾವು ಹೇಳಿದ ಆ 'ಕಚೇರಿ' ಯಾವ ಭಾಷೆಯ ಪದ? ಬಿಡಿ. ಅರಬರ ಮುಂದೆ ಹಿಡಿಯಲೆಂದೇ ಅರಬ್ಬಿಯಲ್ಲಿ ಬರೆದ ಪತ್ರದ ಹೆಸರಿಗೆ ಅರಬ್ಬೀ ಪದ ಮೈಲಿಗೆಯೆನ್ನುವುದು ನನಗೆ ಅರ್ಥವಾಗುವುದಿಲ್ಲ.

ಎಂ. ಆರ್.

*

ಎರಡನೆಯ ಪದವನ್ನು ಎಲ್ಲರೂ ಮರೆತಂತಿದೆ. ನಾನು ವಿಮಾನಗಳ ದುರಸ್ತಿ ವಿಭಾಗದಲ್ಲಿ ದುಡಿದು ನಿವೃತ್ತನಾದವನು. 'ತುರ್ತು ಭೂಸ್ಪರ್ಶ' ಇಲ್ಲಿ ಸಲ್ಲದು. ತುರ್ತಿನಲ್ಲಿ ಚಾಲಕನಿಗೆ ಆಯ್ಕೆಯಿರಬಹುದು; ರೋಗಿಯೊಬ್ಬ ಇದ್ದಾನೆಂದು ಹತ್ತಿರದ ನಿಲ್ದಾಣಕ್ಕೆ ತಿರುಗುವುದೂ ತುರ್ತೇ. ಎಂಜಿನ್ ನಿಂತಾಗ, ಇಂಧನ ಮುಗಿದಾಗ ಹಾರಾಟವನ್ನು ಮುಂದುವರಿಸುವ ದಾರಿಯೇ ಇರುವುದಿಲ್ಲವಾದ್ದರಿಂದ ಅದು 'ಬಲವಂತದ ಇಳಿತ'. ಇಳಿಯುವಾಗ ವಿಮಾನ ಮುರಿದರೆ ಅದು ಬೇರೆಯದೇ, ಅದಕ್ಕೆ 'ಅಪ್ಪಳಿಸುವ ಇಳಿತ' ಎನ್ನಬಹುದು.

ಎರಡು ಉದಾಹರಣೆಗಳನ್ನು ಕೊಡುತ್ತೇನೆ. 1942ರ ಜೂನ್ 28ರಂದು ಡೆನಿಸ್ ಕಾಪಿಂಗ್ ಎಂಬ ಬ್ರಿಟಿಷ್ ವೈಮಾನಿಕ ಈಜಿಪ್ಟಿನ ಮರುಭೂಮಿಯಲ್ಲಿ ಇಳಿಸಿದ ಕಿಟ್ಟಿಹಾಕ್ ವಿಮಾನ 2012ರಲ್ಲಿ ಬಹುಪಾಲು ಇಡಿಯಾಗಿಯೇ ಕಾಣಸಿಕ್ಕಿತು. ವಿಮಾನದ ಹತ್ತಿರ ಪ್ಯಾರಾಶೂಟಿತ್ತು, ಆತನ ದೇಹವಿರಲಿಲ್ಲ. ಎದುರಾಗುವವರೇ ಇಲ್ಲದ ಕಡೆ ಯಾವ ಕೌಲೂ ಕೆಲಸಕ್ಕೆ ಬರುವುದಿಲ್ಲ. ಅದಕ್ಕೂ ಮೂವತ್ತು ವರ್ಷ ಹಿಂದೆ, 1912ರ ಸೆಪ್ಟೆಂಬರಿನಲ್ಲಿ, ರಿಕಾರ್ಡೊ ಮೊಯಿಜೊ ಎಂಬ ಇಟಲಿಯ ಕ್ಯಾಪ್ಟನ್ ಎಂಜಿನ್ ಕೈಕೊಟ್ಟು ಲಿಬಿಯಾದಲ್ಲಿ ಇಳಿದು ಅರಬರ ಕೈಗೆ ಸೆರೆಸಿಕ್ಕ. ಯುದ್ಧದಲ್ಲಿ ಸೆರೆಯಾದ ಮೊದಲ ವೈಮಾನಿಕನೆಂದು ಅವನನ್ನು ಹೇಳುತ್ತಾರೆ. ವಿಮಾನದಿಂದ ಬಾಂಬು ಬಿದ್ದ ಮೊದಲ ನೆಲವೂ ಅದೇ ಲಿಬಿಯಾ, 1911ರ ನವೆಂಬರ್ 1ರಂದು; ಹಾಕಿದವರು ಇಟಲಿಯವರೇ. ಹೀಗೆ ಮೇಲಿನಿಂದ ಬಂದದ್ದನ್ನು ಕಂಡವರು, 1931ರಲ್ಲಿ ಇಟಲಿಯವರು ತಮ್ಮ ವಿರುದ್ಧ ಹೋರಾಡಿದ ಲಿಬಿಯಾದ ನಾಯಕ ಓಮರ್ ಮುಖ್ತಾರನನ್ನು ಗಲ್ಲಿಗೇರಿಸಿದ್ದನ್ನು ಕಂಡವರು, ಹತ್ತು ವರ್ಷಗಳ ತರುವಾಯ ಇಳಿದವನು ಇಟಲಿಯವನೋ ಇಂಗ್ಲಿಷಿನವನೋ ಎಂದು ಮೊದಲು ತಿಳಿಯಲು ಬಯಸಿದ್ದರೆ ಆಶ್ಚರ್ಯವಿಲ್ಲ. ಪತ್ರದಲ್ಲಿ ಬಹುಮಾನಕ್ಕಿಂತ ಮೊದಲು ಇಂಗ್ಲಿಷ್ ಸರ್ಕಾರವೆಂದು ಇರುವುದನ್ನು ಗಮನಿಸಿ.

ಟಿ. ಪಿ., ಬೆಂಗಳೂರು

*

ಎಲ್ಲರಿಗೂ ನಮಸ್ಕಾರ. ಅಚ್ಚಿಗೆ ಕಳುಹಿಸಿದ ಫಲಕ ಹೀಗಿದೆ:

'ಕೌಲುಚೀಟಿ. ಮರುಭೂಮಿಯಲ್ಲಿ ಬಲವಂತದ ಇಳಿತಕ್ಕೆ ಒಳಗಾದ ವೈಮಾನಿಕ, ತನ್ನನ್ನು ಕಾಯ್ದು ತಲುಪಿಸಿದವರಿಗೆ ಬಹುಮಾನ ಸಲ್ಲುತ್ತದೆಂದು ಮಾತು ಕೊಡುವ ಈ ಪತ್ರವನ್ನು ಅರಬರಿಗೆ ತೋರಿಸುತ್ತಿದ್ದ. ಕಾಯುವುದೂ ಬಿಡುವುದೂ ಅವರಿಗೆ ಸೇರಿತ್ತು.'

ಎಸ್. ವಿ.

*

'ಬಲವಂತ'ವಾದರೂ ಕನ್ನಡವೇ ಎಂದು ಒಮ್ಮೆ ನೋಡಿಕೊಳ್ಳಬಹುದಿತ್ತು.

ಕೆ. ಬಿ.