ಅಪ್‌ಡೇಟ್: ತಡೆ ಕಾಲಮ್‌ನಲ್ಲಿರಲಿಲ್ಲ, ನೀಡಲ್ ಸೀಟ್‌ನಲ್ಲಿತ್ತು

ಕೇಳಿದ್ದ ಪ್ರಶ್ನೆ ಇದು: ನಿಮಿಷಕ್ಕೆ 1 ಮಿ.ಲೀ. ಹರಿವಿನಲ್ಲಿ 140 ಬಾರ್ ಇರುತ್ತಿದ್ದ ಎಚ್‌ಪಿಎಲ್‌ಸಿ (ದ್ರವದಲ್ಲಿರುವ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಒತ್ತಡ 260ಕ್ಕೆ ಏರಿದೆ, ಕಾಲಮ್ (ಘಟಕಗಳನ್ನು ಬೇರ್ಪಡಿಸುವ ಕೊಳವೆ) ಬದಲಿಸಬೇಕೇ? ಬೇಕಾಗಲಿಲ್ಲ.

ಸಲಹೆಯಂತೆ ಡಿಟೆಕ್ಟರ್ ಕಡೆಯಿಂದ ಪಂಪಿನತ್ತ ಒಂದೊಂದೇ ಫಿಟ್ಟಿಂಗ್ ಬಿಚ್ಚುತ್ತ ಬಂದೆ. ಪ್ರತಿ ಸಲವೂ ಪಂಪ್ ನಿಲ್ಲಿಸಿ, ಒತ್ತಡ ಸೊನ್ನೆಗೆ ಇಳಿದ ಮೇಲೆಯೇ ಸ್ಪ್ಯಾನರ್ ಹಾಕಬೇಕು. ಡಿಟೆಕ್ಟರ್ ಕಳಚಿದಾಗ ಹೆಚ್ಚೇನೂ ಬದಲಾಗಲಿಲ್ಲ. ಕಾಲಮ್ ತೆಗೆದು ಆ ಜಾಗದಲ್ಲಿ ಯೂನಿಯನ್ (ಎರಡು ಕೊಳವೆಗಳನ್ನು ನೇರವಾಗಿ ಕೂಡಿಸುವ ತುಂಡು) ಹಾಕಿದರೂ 130 ಬಾರ್! ಈ ಯಂತ್ರದಲ್ಲಿ ಅಲ್ಲಿ 20 ದಾಟಬಾರದು. ಇಂಜೆಕ್ಷನ್ ವಾಲ್ವನ್ನು ಬೈಪಾಸ್‌ಗೆ (ಹರಿವು ಮಾದರಿ ಸೇರಿಸುವ ಭಾಗವನ್ನು ಬಿಟ್ಟು ಸಾಗುವಂತೆ) ತಿರುಗಿಸಿದ ಕೂಡಲೇ 12ಕ್ಕೆ ಇಳಿಯಿತು. ಅಂದರೆ ಲೂಪ್ (ಮಾದರಿ ಹಿಡಿದಿಡುವ ಕೊಳವೆ), ನೀಡಲ್ (ಮಾದರಿ ಎಳೆಯುವ ಸೂಜಿ), ಸೀಟ್ (ಆ ಸೂಜಿ ಕೂರುವ ಜಾಗ) ಈ ಮೂರರಲ್ಲೇ ದೋಷ. ಸೀಟಿನ ಕ್ಯಾಪಿಲರಿ (ಬಹಳ ಸಣ್ಣ ರಂಧ್ರದ ಕೊಳವೆ) ಕಟ್ಟಿಕೊಂಡಿತ್ತು.

ಕಾರಣ ಫಾಸ್ಫೇಟ್ ಬಫರ್ (ಆಮ್ಲೀಯತೆ ಸ್ಥಿರವಾಗಿಡುವ ಲವಣದ ದ್ರಾವಣ). ಅದರ ಬೆನ್ನಿಗೇ 90% ಅಸಿಟೋನೈಟ್ರೈಲ್ (ಒಂದು ಸಾವಯವ ದ್ರಾವಕ) ಹರಿಸಿದರೆ ಲವಣ ಹರಳುಗಟ್ಟುತ್ತದೆ. ದಯವಿಟ್ಟು ಇದಕ್ಕೆ ಮೆಥನಾಲ್ ಹರಿಸಬೇಡಿ, ಲವಣ ಅದರಲ್ಲೂ ಸರಿಯಾಗಿ ಕರಗುವುದಿಲ್ಲ. ಕಾಲಮ್ ಇಲ್ಲದೆ, ಬೆಚ್ಚಗಿನ ಶುದ್ಧ ನೀರನ್ನು ನಿಮಿಷಕ್ಕೆ 0.2 ಮಿ.ಲೀ.ನಂತೆ ಒಂದು ಗಂಟೆ ಹರಿಸಿ, ಮತ್ತೆ 1 ಮಿ.ಲೀ.ಗೆ ಏರಿಸಿದಾಗ 15 ಬಾರ್. ಕಾಲಮ್ ಕೂಡಿಸಿದ ಮೇಲೆ 142.

ಈಗ ಬಫರನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿಯೇ ಬಳಕೆ. ದಿನದ ಕೊನೆಗೆ ಮೊದಲು 10% ಅಸಿಟೋನೈಟ್ರೈಲ್ ಬೆರೆತ ನೀರು, ಆಮೇಲಷ್ಟೇ ಸಾವಯವ ದ್ರಾವಕ.